ಓದುಗರ ಪ್ರಶ್ನೆ, ನಮ್ಮ ಉತ್ತರ: ಡ್ರೋಗ್ಬಾ ಯುದ್ಧ ನಿಲ್ಲಿಸಿದರೇ?

ಕಳೆದ ಸಂಚಿಕೆಯಲ್ಲಿ ಕ್ರೀಡಾಪಟುಗಳ ದಾನಧರ್ಮದ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ ಐವರಿ ಕೋಸ್ಟ್ ದೇಶದ ಫುಟ್‌ಬಾಲ್ ಆಟಗಾರ ಡಿಡಿಯೆ ಡ್ರೋಗ್ಬಾ ಅವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಆ ಒಂದು ಸಾಲಿನ ಬಗ್ಗೆ ಬಂದ ಪತ್ರಗಳೇ ಹೆಚ್ಚಾದುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಡ್ರೋಗ್ಬಾ ಟಿ.ವಿ. ಕ್ಯಾಮೆರಾ ಮುಂದೆ ಮಂಡಿಯೂರಿ ಬೇಡಿಕೊಂಡ ಕೂಡಲೇ ಅವರ ದೇಶದ ಅಂತರ್ಯುದ್ಧ ನಿಂತುಹೋಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ನಂಬಬಹುದೇ? (ಹಾಸನದ ಓದುಗರು)

ಉತ್ತರ: ಮಂಡಿಯೂರಿದ್ದು ನಿಜ, ಬೇಡಿಕೊಂಡದ್ದೂ ನಿಜ. ಕೂಡಲೇ ನಿಂತಿತು ಎಂಬುದು ಮಾತ್ರ ಸಂದೇಶ ಬರೆದವರ ಉತ್ಸಾಹ. ಆದರೆ ನಡೆದ ಸಂಗತಿಯೇ ಆ ಉತ್ಪ್ರೇಕ್ಷೆಗಿಂತ ಸ್ವಾರಸ್ಯಕರವಾಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಐವರಿ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ದೇಶ. ದಕ್ಷಿಣದ ಕೋಕೋ ತೋಟಗಳಲ್ಲಿ ದುಡಿಯಲು ದೇಶದ ಉತ್ತರ ಭಾಗದಿಂದಲೂ ನೆರೆಯ ಬುರ್ಕಿನಾ ಫಾಸೊ, ಮಾಲಿ ದೇಶಗಳಿಂದಲೂ ಜನ ತಲೆಮಾರುಗಳಿಂದ ಬಂದು ನೆಲೆಸಿದ್ದರು. ಬೆಳೆಗೆ ಒಳ್ಳೆಯ ಬೆಲೆ ಇದ್ದಷ್ಟು ಕಾಲ ಯಾರು ಎಲ್ಲಿಯವರೆಂದು ಯಾರೂ ಕೇಳಲಿಲ್ಲ. ಬೆಲೆ ಕುಸಿದು ಎಲ್ಲರ ಕೈ ಬಿಗಿಯಾದಾಗ, ನಿಜವಾಗಿ ಈ ಮಣ್ಣಿನ ಮಕ್ಕಳು ಯಾರು ಎಂಬ ಪ್ರಶ್ನೆಯನ್ನು ರಾಜಕಾರಣಿಗಳು ಎತ್ತಿದರು, ಉತ್ತರದವರ ಪೌರತ್ವವೇ ಅನುಮಾನಕ್ಕೆ ಒಳಗಾಯಿತು. 2002ರ ಸೆಪ್ಟೆಂಬರ್‌ನಲ್ಲಿ ಸೇನೆಯ ಒಂದು ಭಾಗ ದಂಗೆಯೆದ್ದಿತು. ಉತ್ತರಾರ್ಧ ಬಂಡುಕೋರರ ಕೈಗೆ ಹೋಗಿ ಬುವಾಕೆ ನಗರ ಅವರ ಕೇಂದ್ರವಾಯಿತು. ದಕ್ಷಿಣಾರ್ಧ ಅಧ್ಯಕ್ಷ ಲೊರಾಂ ಬಾಗ್ಬೊ ಅವರ ಸರ್ಕಾರದಲ್ಲಿ ಉಳಿಯಿತು. ನಡುವೆ ಫ್ರೆಂಚ್ ಸೈನಿಕರೂ ವಿಶ್ವಸಂಸ್ಥೆಯ ಶಾಂತಿಪಾಲಕರೂ ನಿಂತರು.

ಇಂಥ ದೇಶದ ತಂಡ 2005ರ ಅಕ್ಟೋಬರ್ 8ರಂದು ಸುಡಾನಿನ ಒಮ್ಡರ್ಮನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯವನ್ನು 3-1ರಿಂದ ಗೆದ್ದಿತು. ಗೆದ್ದರಷ್ಟೇ ಸಾಲದು, ಅದೇ ಹೊತ್ತಿಗೆ ಯೌಂಡೆಯಲ್ಲಿ ಈಜಿಪ್ಟ್ ವಿರುದ್ಧ ಆಡುತ್ತಿದ್ದ ಕ್ಯಾಮರೂನ್ ಗೆಲ್ಲಬಾರದಿತ್ತು. ಅಲ್ಲಿ ಪಂದ್ಯ 1-1ರಲ್ಲಿದ್ದಾಗ ಕೊನೆಯ ಗಳಿಗೆಯಲ್ಲಿ ಕ್ಯಾಮರೂನ್‌ಗೆ ಸಿಕ್ಕ ಪೆನಾಲ್ಟಿಯನ್ನು ವೋಮೆ ಎಂಬ ಆಟಗಾರ ಗೋಲುಕಂಬಕ್ಕೆ ಹೊಡೆದರು. ಐವರಿ ಕೋಸ್ಟ್ ಮೊಟ್ಟಮೊದಲ ಸಲ ವಿಶ್ವಕಪ್ಪಿಗೆ ಹೊರಟಿತು. ಆ ಸಂಭ್ರಮದಲ್ಲಿ ಡ್ರೆಸ್ಸಿಂಗ್ ರೂಮಿಗೆ ಬಂದಿದ್ದ ಟಿ.ವಿ. ಕ್ಯಾಮೆರಾದ ಮುಂದೆ ಡ್ರೋಗ್ಬಾ ಮೈಕ್ ಹಿಡಿದು ನಿಂತರು. ಸಹ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಹಿಂದೆ ನಿಂತಿದ್ದರು. ಉತ್ತರ, ದಕ್ಷಿಣ, ಮಧ್ಯ, ಪಶ್ಚಿಮ ಎಂದು ದೇಶದ ದಿಕ್ಕುಗಳನ್ನು ಒಂದೊಂದಾಗಿ ಹೆಸರಿಸಿ, ನಾವೆಲ್ಲ ಒಟ್ಟಿಗೆ ಆಡಬಲ್ಲೆವೆಂದು ಇಂದು ತೋರಿಸಿದ್ದೇವೆ ಎಂದರು. ಆಮೇಲೆ ಇಡೀ ತಂಡ ಮಂಡಿಯೂರಿತು. ಕ್ಷಮಿಸಿಬಿಡಿ, ಆಯುಧಗಳನ್ನು ಕೆಳಗಿಡಿ, ಚುನಾವಣೆ ನಡೆಸಿ ಎಂದು ಕೇಳಿಕೊಂಡರು. ಒಂದು ನಿಮಿಷದಷ್ಟೂ ಉದ್ದವಿಲ್ಲದ ಆ ತುಣುಕನ್ನು ಅಲ್ಲಿನ ಟಿ.ವಿ. ಮೇಲಿಂದ ಮೇಲೆ ಪ್ರಸಾರ ಮಾಡಿತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಭೀಕರ ಕಾಳಗದ ಹಂತ ಆ ಹೊತ್ತಿಗಾಗಲೇ ಬಹುಮಟ್ಟಿಗೆ ಮುಗಿದು, ದೇಶ ಎರಡು ಹೋಳಾಗಿ ಹೆಪ್ಪುಗಟ್ಟಿದ ಸ್ಥಿತಿಯಲ್ಲಿತ್ತು. ಮನವಿಯ ನಂತರವೂ ಒಪ್ಪಂದ ಆಗಲು ಒಂದೂವರೆ ವರ್ಷ ಹಿಡಿಯಿತು. 2007ರ ಮಾರ್ಚ್‌ನಲ್ಲಿ ಬುರ್ಕಿನಾ ಫಾಸೊದ ರಾಜಧಾನಿ ವಾಗಡೂಗುವಿನಲ್ಲಿ ಎರಡೂ ಕಡೆಯವರು ಸಹಿ ಹಾಕಿದರು. ಅದರ ಹಿಂದೆ ಸಂಧಾನಕಾರರ, ನೆರೆಯ ದೇಶಗಳ, ದಣಿದ ಎರಡೂ ಪಕ್ಷಗಳ ಲೆಕ್ಕಾಚಾರವಿತ್ತು.

ನಮ್ಮ ಅಭಿಪ್ರಾಯದಲ್ಲಿ ಡ್ರೋಗ್ಬಾ ಅವರ ದೊಡ್ಡ ಕೆಲಸ ಆ ಮಂಡಿಯೂರಿದ ಗಳಿಗೆಯದ್ದಲ್ಲ, ಅದರ ನಂತರದ್ದು. 2006ನೇ ಸಾಲಿನ ಆಫ್ರಿಕಾದ ವರ್ಷದ ಆಟಗಾರ ಎಂಬ ಪ್ರಶಸ್ತಿ ಬಂದಾಗ ಅವರು ಅದನ್ನು ಬಂಡುಕೋರರ ನಗರವಾದ ಬುವಾಕೆಗೆ ಕೊಂಡೊಯ್ದು ಅಲ್ಲಿನ ಜನರಿಗೆ ತೋರಿಸಿದರು. ಆಫ್ರಿಕಾ ಕಪ್ ಅರ್ಹತಾ ಸುತ್ತಿನ ಮಡಗಾಸ್ಕರ್ ಎದುರಿನ ಪಂದ್ಯವನ್ನು ದಕ್ಷಿಣದ ದೊಡ್ಡ ನಗರ ಆಬಿಜಾನ್ ಬಿಟ್ಟು ಬುವಾಕೆಯಲ್ಲೇ ಆಡೋಣವೆಂದರು. 2007ರ ಜೂನ್ 3ರಂದು ಆ ಪಂದ್ಯ ನಡೆಯಿತು. ಸರ್ಕಾರದ ಪಡೆಯವರೂ ಬಂಡುಕೋರರೂ ಒಂದೇ ಕ್ರೀಡಾಂಗಣದಲ್ಲಿದ್ದರು. ಐವರಿ ಕೋಸ್ಟ್ 5-0ಯಿಂದ ಗೆದ್ದಿತು, ಕೊನೆಯ ಗೋಲು ಡ್ರೋಗ್ಬಾ ಅವರದು. ಅವರು ಬೇಟೆ ಎಂಬ ಬುಡಕಟ್ಟಿಗೆ ಸೇರಿದವರು, ಅಧ್ಯಕ್ಷ ಬಾಗ್ಬೊ ಕೂಡ ಅದೇ ಬುಡಕಟ್ಟಿನವರು. ತಂಡದ ಟೂರೆ ಸಹೋದರರು ಹುಟ್ಟಿದ ಊರು ಬುವಾಕೆ. ಅಧ್ಯಕ್ಷರ ಜನಾಂಗದವನೆಂದೇ ಎಲ್ಲರೂ ಗುರುತಿಸುವ ಒಬ್ಬ ಮನುಷ್ಯ, ಎದುರು ಪಾಳೆಯದ ಊರಿಗೆ ತಾನಾಗಿ ಹೋಗಿ ಆಡಿದನೆಂಬುದಕ್ಕೆ ಅಲ್ಲಿ ಇದ್ದ ತೂಕ ನಮಗೆ ಸುಲಭಕ್ಕೆ ಅರ್ಥವಾಗುವಂಥದ್ದಲ್ಲ.

ಮುಂದಿನದನ್ನೂ ಹೇಳದಿದ್ದರೆ ಉತ್ತರ ಅಪೂರ್ಣ. 2010ರ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಅಲಸಾನ್ ವಾತಾರಾ ಗೆದ್ದರೂ ಬಾಗ್ಬೊ ಕುರ್ಚಿ ಬಿಡಲಿಲ್ಲ; ಮತ್ತೆ ಹಿಂಸಾಚಾರ ಭುಗಿಲೆದ್ದು ಮೂರು ಸಾವಿರದಷ್ಟು ಜನ ಸತ್ತರು. 2011ರಲ್ಲಿ ಸ್ಥಾಪನೆಯಾದ ಸತ್ಯ ಮತ್ತು ಸಂಧಾನ ಆಯೋಗಕ್ಕೆ ಡ್ರೋಗ್ಬಾ ಅವರನ್ನು ಸದಸ್ಯರಾಗಿ ನೇಮಿಸಲಾಯಿತು. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಈ ಭಾಗ ಇರುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹತ್ತೊಂಬತ್ತು ವರ್ಷ. ಕ್ಲಬ್ ಸೇರಲು ತಡವಾಯಿತೆಂದು ಎಲ್ಲರೂ ಹೇಳುತ್ತಾರೆ. ಡ್ರೋಗ್ಬಾ ಕೂಡ ತಡವಾಗಿ ಬೆಳಕಿಗೆ ಬಂದವರೆಂದು ಕೇಳಿದ್ದೇನೆ. (ಮೈಸೂರಿನ ಓದುಗರು)

ಉತ್ತರ: ಸರಿಯಾಗಿಯೇ ಕೇಳಿದ್ದೀರಿ, ಆದರೆ ತಡವಾದುದಕ್ಕೆ ಕಾರಣಗಳಿದ್ದವು. ಅವರು ಹುಟ್ಟಿದ್ದು 1978ರ ಮಾರ್ಚ್ 11ರಂದು, ಆಬಿಜಾನ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಬ್ಯಾಂಕ್ ನೌಕರರು. ಐದನೆಯ ವಯಸ್ಸಿಗೆ, ಫ್ರಾನ್ಸಿನಲ್ಲಿ ವೃತ್ತಿಪರ ಆಟಗಾರರಾಗಿದ್ದ ಮಿಷೆಲ್ ಗೋಬಾ ಎಂಬ ಸೋದರಮಾವನ ಮನೆಗೆ ಕಳುಹಿಸಿದರು. ಮನೆಯ ನೆನಪಿನಲ್ಲಿ ಕೊರಗಿದ ಹುಡುಗ ಮೂರು ವರ್ಷಗಳ ನಂತರ ಹಿಂದಿರುಗಿ, ವಾಹನ ನಿಲ್ದಾಣವೊಂದರಲ್ಲಿ ದಿನವೂ ಚೆಂಡು ಆಡಿಕೊಂಡಿದ್ದ. ಅಷ್ಟರಲ್ಲಿ ತಂದೆ ತಾಯಿ ಕೆಲಸ ಕಳೆದುಕೊಂಡರು. ಮತ್ತೆ ಮಾವನ ಮನೆಯೇ ಗತಿಯಾಯಿತು. ಮಾವನ ಕ್ಲಬ್ ಬದಲಾದಂತೆಲ್ಲ ಊರು, ಶಾಲೆ, ಗೆಳೆಯರು ಬದಲಾಗುತ್ತಿದ್ದರು. ಕೆಲವು ವರ್ಷಗಳ ನಂತರ ತಂದೆ ತಾಯಿಯೂ ಫ್ರಾನ್ಸಿಗೆ ಬಂದು ಪ್ಯಾರಿಸ್ಸಿನ ಹೊರವಲಯದಲ್ಲಿ ನೆಲೆಸಿದಾಗ ಹುಡುಗ ಅವರ ಜೊತೆ ಸೇರಿಕೊಂಡ.

ಮೊದಮೊದಲು ಆಡುತ್ತಿದ್ದುದು ಹಿಂಭಾಗದಲ್ಲಿ, ಬಲಗಡೆಯ ರಕ್ಷಣಾ ಆಟಗಾರನಾಗಿ. ಹಿಂದೆ ನಿಂತವರನ್ನು ಯಾರೂ ನೋಡುವುದಿಲ್ಲ, ಮುಂದಕ್ಕೆ ಹೋಗು ಎಂದು ಬುದ್ಧಿ ಹೇಳಿದವರು ಅದೇ ಮಾವ. ಲ ಮಾನ್ ಎಂಬ ಊರಿನಲ್ಲಿ ಲೆಕ್ಕಶಾಸ್ತ್ರ ಓದುತ್ತ, ಎರಡನೇ ದರ್ಜೆಯ ಕ್ಲಬ್ಬಿನಲ್ಲಿ ಗಾಯಗಳ ನಡುವೆ ಆಡುತ್ತ ಇದ್ದವರಿಗೆ ಮೊದಲ ವೃತ್ತಿಪರ ಒಪ್ಪಂದ ಸಿಕ್ಕಾಗ ಇಪ್ಪತ್ತೊಂದು ವರ್ಷ. ಇಪ್ಪತ್ಮೂರು ದಾಟಿದ ಮೇಲೆ, 2002ರಲ್ಲಿ, ಗೇಂಗಾಂ ಎಂಬ ಸಣ್ಣ ಊರಿನ ಕ್ಲಬ್ ಅವರನ್ನು ಫ್ರಾನ್ಸಿನ ಮೊದಲ ದರ್ಜೆಗೆ ತಂದಿತು. ಮರುವರ್ಷ ಅಲ್ಲಿ 17 ಗೋಲು, ಅದರ ಮರುವರ್ಷ ಮಾರ್ಸೇ ಕ್ಲಬ್ಬಿನಲ್ಲಿ ಲೀಗಿನಲ್ಲೇ 19 ಗೋಲು. 2004ರಲ್ಲಿ ಲಂಡನ್ನಿನ ಚೆಲ್ಸಿ 2.4 ಕೋಟಿ ಪೌಂಡ್ ಕೊಟ್ಟು ಖರೀದಿಸಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 200 ಕೋಟಿ ರೂಪಾಯಿ.

ಹತ್ತೊಂಬತ್ತು ತಡವಲ್ಲ ಎಂದು ಈ ಒಂದು ಉದಾಹರಣೆಯಿಂದ ತೀರ್ಮಾನಿಸುವುದು ಸರಿಯಲ್ಲ. ಮನೆಯಲ್ಲೇ ವೃತ್ತಿಪರ ಆಟಗಾರನಿದ್ದ ಹುಡುಗ ಅವರು. ಮಗ ಆಡಲಿ, ಲೆಕ್ಕಶಾಸ್ತ್ರದಂಥ ಇನ್ನೊಂದು ವಿದ್ಯೆಯನ್ನೂ ಕೈಬಿಡದಿರಲಿ.

ಪ್ರಶ್ನೆ: ಅವರನ್ನು 'ಟಿಟೊ' ಎನ್ನುವುದೇಕೆ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ತಾಯಿಗೆ ಯುಗೊಸ್ಲಾವಿಯದ ನಾಯಕ ಜೋಸಿಪ್ ಬ್ರಾಝ್ ಟಿಟೊ ಅವರ ಮೇಲೆ ಅಭಿಮಾನವಿತ್ತು. ನಮ್ಮಲ್ಲೂ ಲೆನಿನ್, ಸ್ಟಾಲಿನ್ ಎಂಬ ಹೆಸರಿನವರು ಇದ್ದಾರಲ್ಲ.

ಪ್ರಶ್ನೆ: ಡ್ರೋಗ್ಬಾ ಆಟಗಾರರಾಗಿ ನಿಜಕ್ಕೂ ಅಷ್ಟು ದೊಡ್ಡವರೇ, ಅಥವಾ ಸಮಾಜಸೇವೆಯಿಂದಾಗಿ ಹೆಸರು ಹೆಚ್ಚಾಯಿತೇ? (ಮಂಗಳೂರಿನ ಓದುಗರು)

ಉತ್ತರ: ಹೆಸರು ಮೊದಲು ಬಂದದ್ದು ಆಟದಿಂದ. ಚೆಲ್ಸಿಗಾಗಿ ಎರಡು ಅವಧಿಗಳಲ್ಲಿ 381 ಪಂದ್ಯ, 164 ಗೋಲು. ನಾಲ್ಕು ಪ್ರೀಮಿಯರ್ ಲೀಗ್ ಪ್ರಶಸ್ತಿ, ನಾಲ್ಕು ಎಫ್.ಎ. ಕಪ್, 2006-07ರಲ್ಲೂ 2009-10ರಲ್ಲೂ ಲೀಗಿನ ಅತಿ ಹೆಚ್ಚು ಗೋಲು ಹೊಡೆದ ಆಟಗಾರ. ದೇಶಕ್ಕಾಗಿ 105 ಪಂದ್ಯಗಳಲ್ಲಿ 65 ಗೋಲು. ಅಂಕಿಗಳಲ್ಲಿ ಅವರಿಗಿಂತ ಮುಂದಿರುವವರು ಹಲವರಿದ್ದಾರೆ. ಆದರೆ ಫೈನಲ್ ಪಂದ್ಯ ಬಂತೆಂದರೆ ಗೋಲು ಹೊಡೆಯುವ ಅಭ್ಯಾಸ ಅವರಿಗಿದ್ದಂತೆ ಬಹಳ ಜನಕ್ಕೆ ಇರಲಿಲ್ಲ. ನಾಲ್ಕು ಬೇರೆ ಬೇರೆ ಎಫ್.ಎ. ಕಪ್ ಫೈನಲ್‌ಗಳಲ್ಲಿ ಗೋಲು ಹೊಡೆದ ಮೊದಲಿಗರು ಅವರು.

ಒಂದೇ ಪಂದ್ಯ ನೋಡಬೇಕೆಂದಿದ್ದರೆ 2012ರ ಮೇ 19ರಂದು ಮ್ಯೂನಿಕ್‌ನಲ್ಲಿ ನಡೆದ, ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಎದುರಾಳಿ ಬಯರ್ನ್ ಮ್ಯೂನಿಕ್ ತನ್ನದೇ ಅಂಗಳದಲ್ಲಿ ಆಡುತ್ತಿತ್ತು. ಅದಕ್ಕೆ ಇಪ್ಪತ್ತು ಕಾರ್ನರ್ ಕಿಕ್‌ಗಳು ಸಿಕ್ಕಿದ್ದವು. 83ನೇ ನಿಮಿಷದಲ್ಲಿ ಮುಲ್ಲರ್ ಗೋಲು ಹೊಡೆದಾಗ ಎಲ್ಲವೂ ಮುಗಿಯಿತೆಂದೇ ನೋಡುವವರು ಅಂದುಕೊಂಡರು. 88ನೇ ನಿಮಿಷದಲ್ಲಿ ಚೆಲ್ಸಿಗೆ ಆ ಪಂದ್ಯದ ಒಂದೇ ಒಂದು ಕಾರ್ನರ್ ಸಿಕ್ಕಿತು. ಹ್ವಾನ್ ಮಾಟಾ ಒದ್ದ ಚೆಂಡಿಗೆ ಡ್ರೋಗ್ಬಾ ಹತ್ತಿರದ ಗೋಲುಕಂಬದ ಕಡೆಗೆ ನುಗ್ಗಿ ತಲೆಗೊಟ್ಟರು. ಗೋಲ್‌ಕೀಪರ್ ನೋಯರ್ ಕೈ ತಾಗಿದರೂ ಚೆಂಡು ಬಲೆಯ ಮೇಲ್ಭಾಗಕ್ಕೆ ಹೋಯಿತು. ಹೆಚ್ಚುವರಿ ಸಮಯದಲ್ಲಿ ಇದೇ ಡ್ರೋಗ್ಬಾ ರಿಬೆರಿಯನ್ನು ಬೀಳಿಸಿ ಎದುರಾಳಿಗೆ ಪೆನಾಲ್ಟಿಯನ್ನೂ ದಯಪಾಲಿಸಿದರು! ರಾಬೆನ್ ಹೊಡೆತವನ್ನು ಪೀಟರ್ ಚೆಕ್ ಹಿಡಿದು ಮಾನ ಉಳಿಸಿದರು. ಕೊನೆಗೆ ಪೆನಾಲ್ಟಿ ಸರಣಿಯಲ್ಲಿ ಚೆಲ್ಸಿಯ ಐದನೆಯ, ಗೆಲುವಿನ ಹೊಡೆತವೂ ಅವರದೇ ಆಯಿತು.

ದೇಶದ ಪರ ಮಾತ್ರ ಅದೃಷ್ಟ ಕೈಕೊಟ್ಟಿತು. 2006 ಮತ್ತು 2012ರ ಆಫ್ರಿಕಾ ಕಪ್ ಫೈನಲ್‌ಗಳೆರಡರಲ್ಲೂ ಅವರ ಪೆನಾಲ್ಟಿ ಹೊಡೆತ ಗೋಲಾಗಲಿಲ್ಲ, ಎರಡರಲ್ಲೂ ತಂಡ ಸೋತಿತು. ಅವರು 2014ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. 2015ರಲ್ಲಿ ಐವರಿ ಕೋಸ್ಟ್ ಆ ಕಪ್ಪನ್ನು ಗೆದ್ದಿತು.

ಪ್ರಶ್ನೆ: ಜಾಹೀರಾತಿನ ಹಣವನ್ನೆಲ್ಲ ಆಸ್ಪತ್ರೆಗೆ ಕೊಟ್ಟರು ಎಂಬ ಸುದ್ದಿ ಓದಿದ್ದೆ. ಆಸ್ಪತ್ರೆ ಆಯಿತೇ? (ಬಳ್ಳಾರಿಯ ಓದುಗರು)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ ಹೇಳಬೇಕು, ಏಕೆಂದರೆ ದಾನದ ಘೋಷಣೆಯನ್ನು ಎಲ್ಲರೂ ಓದುತ್ತಾರೆ, ಕಟ್ಟಡ ಎದ್ದಿತೇ ಎಂದು ವಿಚಾರಿಸುವವರು ಕಡಿಮೆ.

ತಮ್ಮ ಹೆಸರಿನ ಪ್ರತಿಷ್ಠಾನವನ್ನು ಡ್ರೋಗ್ಬಾ 2007ರಲ್ಲಿ ಆರಂಭಿಸಿದರು. ಅದೇ ವರ್ಷ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸದ್ಭಾವನಾ ರಾಯಭಾರಿಯೂ ಆದರು. ಆರೋಗ್ಯ ಮತ್ತು ಶಿಕ್ಷಣ ಎಂಬ ಎರಡೇ ಕ್ಷೇತ್ರಗಳನ್ನು ಪ್ರತಿಷ್ಠಾನ ಆರಿಸಿಕೊಂಡಿತು. 2009ರಲ್ಲಿ ಪೆಪ್ಸಿ ಕಂಪನಿಯ ಜಾಹೀರಾತು ಒಪ್ಪಂದಕ್ಕೆ ಸಹಿ ಹಾಕಿದಾಗ ಬಂದ 30 ಲಕ್ಷ ಪೌಂಡನ್ನು, ಅಂದರೆ ಆಗಿನ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿಗೂ ಮಿಕ್ಕ ಮೊತ್ತವನ್ನು, ಆಬಿಜಾನ್‌ನಲ್ಲಿ ಆಸ್ಪತ್ರೆ ಕಟ್ಟಲು ಕೊಡುವುದಾಗಿ ಹೇಳಿದರು. ಎಲ್ಲ ಜಾಹೀರಾತುಗಳ ಹಣವಲ್ಲ, ಆ ಒಂದು ಒಪ್ಪಂದದ್ದು.

ಆಸ್ಪತ್ರೆಯ ಕೆಲಸ ಘೋಷಣೆಯಷ್ಟು ವೇಗವಾಗಿ ಸಾಗಲಿಲ್ಲ. ಮಧ್ಯೆ 2010-11ರ ಹಿಂಸಾಚಾರ ಬಂತು. ಆಬಿಜಾನ್‌ನ ಆಟೆಕೂಬೆ ಎಂಬ ಬಡ, ಇಕ್ಕಟ್ಟಾದ ಬಡಾವಣೆಯಲ್ಲಿ ಕಟ್ಟಡ ಎದ್ದಿತು. ಡ್ರೋಗ್ಬಾ ಅವರಿಗಿಂತ ಹಿಂದಿನ ತಲೆಮಾರಿನ ದೊಡ್ಡ ಆಟಗಾರ ಲೊರಾಂ ಪೊಕು ಅವರ ಹೆಸರು ಅದಕ್ಕಿದೆ. ಆಫ್ರಿಕಾ ಕಪ್‌ನಲ್ಲಿ 14 ಗೋಲು ಹೊಡೆದು ದಶಕಗಳ ಕಾಲ ದಾಖಲೆ ಉಳಿಸಿಕೊಂಡಿದ್ದ ಪೊಕು 2016ರಲ್ಲಿ ತೀರಿಕೊಂಡರು. ಪ್ರತಿಷ್ಠಾನಕ್ಕೆ ತನ್ನ ಹೆಸರಿಟ್ಟುಕೊಂಡವರು ಆಸ್ಪತ್ರೆಗೆ ಇನ್ನೊಬ್ಬ ಆಟಗಾರನ ಹೆಸರು ಇಟ್ಟದ್ದು ನಮಗೆ ಮೆಚ್ಚುಗೆಯಾಯಿತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಹಬ್ಬಿದಾಗ ಆ ಕಟ್ಟಡವನ್ನು ಚಿಕಿತ್ಸಾ ಕೇಂದ್ರವಾಗಿ ಬಳಸಿಕೊಳ್ಳಿ ಎಂದು ಅವರು ಸರ್ಕಾರಕ್ಕೆ ಬಿಟ್ಟುಕೊಡಲು ಮುಂದಾದರು.

ಆಸ್ಪತ್ರೆ ಎಂಬುದು ಕಟ್ಟಿ ಮುಗಿಸುವ ವಸ್ತುವಲ್ಲ. ಗೋಡೆಗೆ ಒಮ್ಮೆ ಹಣ ಸಾಕು. ವೈದ್ಯರಿಗೆ, ದಾದಿಯರಿಗೆ, ಔಷಧಿಗೆ, ವಿದ್ಯುತ್ತಿಗೆ ತಿಂಗಳು ತಿಂಗಳೂ ಹಣ ಬೇಕು, ಸರ್ಕಾರದ ಪರವಾನಗಿ ಬೇಕು. ಒಬ್ಬ ಆಟಗಾರನ ಸಹಿ ಹಣ ಎಷ್ಟೇ ದೊಡ್ಡದಾದರೂ ಅದು ಒಂದು ಸಲದ ಹಣ. ನಮ್ಮ ಊರುಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳ ಹಿಂದೆ ಬೀಗ ಬಿದ್ದ ಹೆರಿಗೆ ಆಸ್ಪತ್ರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ನೋಡಿದರೆ ಅವರ ಶಾಲೆಯ ಯೋಜನೆಗಳು ಹೆಚ್ಚು ಲೆಕ್ಕಾಚಾರದವು. 2018ರ ಜನವರಿಯಲ್ಲಿ ಪೊಕು-ಕುವಾಮೆಕ್ರೊ ಎಂಬ ಹಳ್ಳಿಯಲ್ಲಿ ನೆಸ್ಲೆ ಕಂಪನಿಯ ಜೊತೆಗೂಡಿ ಪ್ರತಿಷ್ಠಾನ ಒಂದು ಶಾಲೆ ತೆರೆಯಿತು. ಅದು ಕೋಕೋ ಬೆಳೆಗಾರರ ಪ್ರದೇಶ. ಹತ್ತಿರದಲ್ಲಿ ಶಾಲೆ ಇಲ್ಲದ ಮಗು ತೋಟದ ಕೆಲಸಕ್ಕೆ ಹೋಗುತ್ತದೆ. ಆ ಕೋಕೋ ಖರೀದಿಸುವ ಕಂಪನಿಯೇ ಶಾಲೆಗೆ ಹಣ ಹಾಕುವುದನ್ನು ದಾನ ಎನ್ನಬೇಕೇ, ಬಾಕಿ ತೀರಿಸುವುದು ಎನ್ನಬೇಕೇ ಎಂಬ ಚರ್ಚೆಯನ್ನು ಮತ್ತೊಮ್ಮೆ ಮಾಡೋಣ.

ಪ್ರಶ್ನೆ: ಅವರ ಪ್ರತಿಷ್ಠಾನದಲ್ಲಿ ಹಣದ ಅವ್ಯವಹಾರ ನಡೆದಿತ್ತಲ್ಲ! ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯೇ? (ಬೆಂಗಳೂರಿನ ಓದುಗರು)

ಉತ್ತರ: ಮುಚ್ಚಿಡುವ ಉದ್ದೇಶವಿಲ್ಲ, ಆದರೆ 'ಅವ್ಯವಹಾರ ನಡೆದಿತ್ತು' ಎಂಬ ನಿಮ್ಮ ಮಾತನ್ನು ಒಪ್ಪಲೂ ಆಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು, ಅಲ್ಲಿ ನೋಂದಣಿಯಾಗಿದ್ದ ಪ್ರತಿಷ್ಠಾನದ ಶಾಖೆಗೆ ದಾನಿಗಳಿಂದ ಬಂದ ಸುಮಾರು 17 ಲಕ್ಷ ಪೌಂಡ್‌ನಲ್ಲಿ ಆಫ್ರಿಕಾದ ಸೇವಾಕಾರ್ಯಕ್ಕೆ ಹೋದದ್ದು 14 ಸಾವಿರ ಚಿಲ್ಲರೆ ಮಾತ್ರ ಎಂದು ವರದಿ ಮಾಡಿತು. ಡ್ರೋಗ್ಬಾ ಆರೋಪವನ್ನು ಖಂಡಿಸಿದರು. ಅಲ್ಲಿನ ದತ್ತಿ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನ್ ವಿಚಾರಣೆ ಕೈಗೆತ್ತಿಕೊಂಡು ಅದೇ ವರ್ಷದ ನವೆಂಬರ್‌ನಲ್ಲಿ ವರದಿ ಕೊಟ್ಟಿತು: ವಂಚನೆಗಾಗಲಿ ಭ್ರಷ್ಟಾಚಾರಕ್ಕಾಗಲಿ ಯಾವ ಪುರಾವೆಯೂ ಇಲ್ಲ. ಐವರಿ ಕೋಸ್ಟಿನಲ್ಲಿ ನಡೆದ ಕೆಲಸಕ್ಕೆ ಡ್ರೋಗ್ಬಾ ತಮ್ಮ ಸ್ವಂತ ಹಣ ಹಾಕಿದ್ದರು, ಇಂಗ್ಲೆಂಡಿನಲ್ಲಿ ಸಂಗ್ರಹವಾದದ್ದು ಬಹುಪಾಲು ಬ್ಯಾಂಕಿನಲ್ಲೇ ಉಳಿದಿತ್ತು.

ಆದರೆ ವರದಿ ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ದೇಶಗಳ ಎರಡು ಸಂಸ್ಥೆಗಳ ಕೆಲಸವನ್ನು ಒಂದೇ ಎಂಬಂತೆ ಪ್ರಚಾರ ಮಾಡಿದ್ದರಿಂದ, ತಾವು ಕೊಟ್ಟ ಹಣದಿಂದಲೇ ಈ ಕೆಲಸಗಳು ನಡೆದಿವೆ ಎಂದು ದಾನಿಗಳು ತಪ್ಪು ತಿಳಿಯಲು ಅವಕಾಶವಾಗಿತ್ತು ಎಂದೂ ಆಯೋಗ ಹೇಳಿತು. ನಮ್ಮ ದೃಷ್ಟಿಯಲ್ಲಿ ಇದು ಚಿಕ್ಕ ಆಕ್ಷೇಪವಲ್ಲ. ಲಂಡನ್ನಿನ ದೊಡ್ಡ ಹೋಟೆಲಿನಲ್ಲಿ ಔತಣ ಏರ್ಪಡಿಸಿ ಗಣ್ಯರಿಂದ ಹಣ ಎತ್ತಿದಾಗ, ಕೊಟ್ಟವರು ತಮ್ಮ ಹಣ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕುಳಿತಿರಲೆಂದು ಕೊಟ್ಟಿರುವುದಿಲ್ಲ. ತನ್ನ ಜೇಬಿನಿಂದ ಕೊಡುವವನಿಗೆ ಲೆಕ್ಕ ಒಪ್ಪಿಸುವ ಹಂಗಿಲ್ಲ. ಇನ್ನೊಬ್ಬರಿಂದ ಕೇಳಿ ಪಡೆದ ಕ್ಷಣದಿಂದ ಆ ಹಂಗು ಶುರುವಾಗುತ್ತದೆ. ಡ್ರೋಗ್ಬಾ ಮೊದಲನೆಯ ಕೆಲಸವನ್ನು ಧಾರಾಳವಾಗಿ ಮಾಡಿದರು, ಎರಡನೆಯದನ್ನು ಅವರ ಟ್ರಸ್ಟಿಗಳು ಸಡಿಲವಾಗಿ ಮಾಡಿದರು ಎಂಬುದು ನಮ್ಮ ತೀರ್ಮಾನ. ಕಳ್ಳತನ ಮತ್ತು ಸಡಿಲತೆಯ ನಡುವಿನ ಅಂತರವನ್ನು ಮಾತ್ರ ನಾವು ಮರೆಯಬಾರದು.

ಪ್ರಶ್ನೆ: ಅವರು ತಮ್ಮ ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದಾರೆಯೇ? ಈಗ ಏನು ಮಾಡುತ್ತಿದ್ದಾರೆ? (ಶಿವಮೊಗ್ಗದ ಓದುಗರು)

ಉತ್ತರ: ಆಗಿಲ್ಲ. 2022ರ ಏಪ್ರಿಲ್‌ನಲ್ಲಿ ನಡೆದ ಚುನಾವಣೆಯಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಇದ್ರಿಸ್ ಡಿಯಾಲೊ ಗೆದ್ದರು. ಬೀದಿಯ ಜನ ಮತ ಹಾಕುವುದಾಗಿದ್ದರೆ ಫಲಿತಾಂಶ ಬೇರೆಯೇ ಆಗುತ್ತಿತ್ತೇನೋ, ಆದರೆ ಅಲ್ಲಿ ಮತ ಹಾಕುವವರು ಮುಖ್ಯವಾಗಿ ಕ್ಲಬ್ಬುಗಳ ಪ್ರತಿನಿಧಿಗಳು. ವಿದೇಶದಲ್ಲಿ ಆಡಿ ಹೆಸರು ಮಾಡಿದವರಿಗೂ ಊರಿನ ಕ್ಲಬ್ಬುಗಳನ್ನು ವರ್ಷವಿಡೀ ನಡೆಸುವವರಿಗೂ ನಡುವೆ ಇರುವ ಮುನಿಸು ನಮ್ಮ ಕ್ರೀಡಾಸಂಸ್ಥೆಗಳಿಗೂ ಹೊಸದಲ್ಲ.

ಆಟಗಾರರಾಗಿ ಅವರು ಶಾಂಘೈ, ಇಸ್ತಾಂಬುಲ್, ಮತ್ತೊಮ್ಮೆ ಲಂಡನ್, ಆಮೇಲೆ ಮಾಂಟ್ರಿಯಲ್ ಸುತ್ತಿ, ಅಮೆರಿಕದ ಫೀನಿಕ್ಸ್ ರೈಸಿಂಗ್ ಕ್ಲಬ್ಬಿನಲ್ಲಿ ಏಕಕಾಲಕ್ಕೆ ಆಟಗಾರರೂ ಪಾಲುದಾರರೂ ಆಗಿದ್ದು, 2018ರ ನವೆಂಬರ್‌ನಲ್ಲಿ ನಲವತ್ತನೆಯ ವಯಸ್ಸಿಗೆ ನಿವೃತ್ತರಾದರು. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಕ್ರೀಡೆ ಮತ್ತು ಆರೋಗ್ಯದ ಸದ್ಭಾವನಾ ರಾಯಭಾರಿಯಾಗಿ ನೇಮಿಸಿತು. ಅದಕ್ಕೂ ಹಿಂದಿನ ವರ್ಷ, ಕೋವಿಡ್‌ಗೆ ಲಸಿಕೆಯೊಂದನ್ನು ಆಫ್ರಿಕಾದಲ್ಲಿ ಪರೀಕ್ಷಿಸಬಹುದಲ್ಲ ಎಂದು ಇಬ್ಬರು ಫ್ರೆಂಚ್ ವೈದ್ಯರು ಟಿ.ವಿ. ಚರ್ಚೆಯಲ್ಲಿ ಆಡಿಕೊಂಡಾಗ, ಆಫ್ರಿಕಾ ಪ್ರಯೋಗಶಾಲೆಯಲ್ಲ ಎಂದು ಗಟ್ಟಿಯಾಗಿ ಉತ್ತರಿಸಿದವರಲ್ಲಿ ಅವರೂ ಒಬ್ಬರು.